ಠವಣೆಕೋಲು: ಕಲ್ಲಿನಲ್ಲಿ ಉಳಿದ ಓದುಬರಹದ ಪೀಠ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪೆನ್ನು, ಪುಸ್ತಕ ಕೊಳ್ಳುವ ಇಂದಿನ ಲೇಖಕನಿಗೆ ಮೇಜಿಲ್ಲದ ಬರವಣಿಗೆಯನ್ನು ಊಹಿಸುವುದೂ ಕಷ್ಟ. ಹಳೆಯ ಲಿಪಿಕಾರನಾದರೋ ನೆಲದ ಮೇಲೆ ಕುಳಿತೇ ಬರೆಯುತ್ತಿದ್ದನು. ಎಡಗೈಯಲ್ಲಿ ಓಲೆಗರಿ, ಬಲಗೈಯಲ್ಲಿ ಕಬ್ಬಿಣದ ಕಂಠ, ಕೊರೆದ ಅಕ್ಷರಕ್ಕೆ ಬಳಿಯಲು ಮಸಿ. ಗರಿಗಳ ರಕ್ಷಣೆಗೆ ಎರಡು ಮರದ ಪಟ್ಟಿಗಳು, ದಾರ ಮತ್ತು ಬಟ್ಟೆ. ಅವನ ಪರಿಕರ ಇಷ್ಟೇ.

ಬರೆದ ಗ್ರಂಥವನ್ನು ಓದುವಾಗ ಮಾತ್ರ ಒಂದು ಪೀಠ ಬೇಕಾಗುತ್ತಿತ್ತು. ಅದೇ ಠವಣೆಕೋಲು, ಅಂದರೆ ಅಡ್ಡಕಾಲುಗಳ ವ್ಯಾಸಪೀಠ. ಜ್ಞಾನವು ನೆಲ ಮುಟ್ಟಬಾರದೆಂಬ ಭಾವವೂ, ಗರಿಗಳು ಹಾಳಾಗಬಾರದೆಂಬ ವಿವೇಕವೂ ಅದರಲ್ಲಿ ಕೂಡಿವೆ. ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ಸ್ಮಾರಕಗಳಾದ ನಿಸಿಧಿಗಲ್ಲುಗಳಲ್ಲಿ ಮುನಿಯ ಮುಂದೆ ಈ ಠವಣೆಕೋಲನ್ನು ಕಂಡರಿಸಿರುವುದುಂಟು. ಸರ್ವವನ್ನೂ ತ್ಯಜಿಸಿದವನ ಎದುರಿನಲ್ಲಿಯೂ ಶಾಸ್ತ್ರ ಉಳಿದಿದೆ ಎಂಬುದು ಗಮನಾರ್ಹ.

ಓಲೆಗೆ ಆಯುಸ್ಸು ಮಿತ. ಹುಳು, ತೇವ, ಬೆಂಕಿಗಳಿಂದ ಗ್ರಂಥವನ್ನು ಉಳಿಸಲು ಮತ್ತೆ ಮತ್ತೆ ಪ್ರತಿಮಾಡುವುದೊಂದೇ ದಾರಿ. ಆದುದರಿಂದಲೇ ಜೈನರು ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದರು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಸಾವಿರ ಪ್ರತಿಗಳನ್ನು ಕೊರೆದ ಕೈಗಳ ಹೆಸರು ಮಾತ್ರ ಲೋಕಕ್ಕೆ ತಿಳಿಯದು. ಬೆನ್ನು ಬಾಗಿ, ಕತ್ತು ನೊಂದು ಬರೆದ ಈ ಗ್ರಂಥವನ್ನು ಜತನದಿಂದ ಕಾಯಿರೆಂದು ಪ್ರತಿಕಾರರು ಹಸ್ತಪ್ರತಿಗಳ ಕೊನೆಯಲ್ಲಿ ಬೇಡಿಕೊಳ್ಳುವುದುಂಟು.

ಒಪ್ಪವಾದ ಪೀಠ ಲೇಖಕನ ಸುಖಕ್ಕೆಂಬುದು ಇಂದಿನ ಎಣಿಕೆ. ಅಂದು ಸುಖವೆಲ್ಲ ಗ್ರಂಥದ್ದು, ಶ್ರಮ ಬರೆದವನದು. ಪ್ರಾಚೀನ ಕನ್ನಡ ನಮ್ಮವರೆಗೆ ಬಂದುದು ಆ ಶ್ರಮದಿಂದ.