ಮೂರಂತಸ್ತಿನ ಕಲ್ಲು, ಮೂರು ಜೀವದ ಆಟ

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವವರು ನಡುವೆ ಬಳ್ಳಿಗಾವೆಗೆ ಇಳಿದು ಕೇದಾರೇಶ್ವರ ದೇವಾಲಯವನ್ನು ನೋಡುವುದುಂಟು. ಆದರೆ ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳ ಮುಂದೆ ಅರ್ಧ ನಿಮಿಷ ನಿಲ್ಲುವವರು ಕಡಿಮೆ. ವೀರಗಲ್ಲನ್ನು ಓದುವ ಕ್ರಮವೇ ಬೇರೆ. ಪುಸ್ತಕದಂತೆ ಮೇಲಿನಿಂದ ಕೆಳಕ್ಕಲ್ಲ, ಕೆಳಗಿನಿಂದ ಮೇಲಕ್ಕೆ. ತಳದ ಅಂಕಣದಲ್ಲಿ ಕಾಳಗ: ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನೋ ಊರಿಗೆ ನುಗ್ಗಿದವರನ್ನೋ ಒಬ್ಬಾತ ಎದುರಿಸುತ್ತಿದ್ದಾನೆ. ನಡುವಿನ ಅಂಕಣದಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿಯಲ್ಲಿ ಶಿವಲಿಂಗ, ಪಕ್ಕದಲ್ಲಿ ಪೂಜಾರಿ, ಮುಂದೆ ಕುಳಿತ ವೀರ, ಮೇಲೆ ಸೂರ್ಯಚಂದ್ರರು. ಒಬ್ಬನೇ ಮನುಷ್ಯ ಒಂದೇ ಕಲ್ಲಿನಲ್ಲಿ ಮೂರು ಸಲ ಕಾಣಿಸಿಕೊಳ್ಳುತ್ತಾನೆ.

ಈ ಕಲ್ಲುಗಳನ್ನು ಕಂಡಾಗಲೆಲ್ಲ ನನಗೆ ವಿಡಿಯೋ ಗೇಮ್ ನೆನಪಾಗುತ್ತದೆ ಎಂದರೆ ಇತಿಹಾಸದ ಮೇಷ್ಟರುಗಳು ಸಿಟ್ಟಾಗಬಾರದು. ನಾನು ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಒಂದೇ ಜಾತಿಯ ಆಟವನ್ನು ಆಡುತ್ತ ಬಂದವನು. ಅದಕ್ಕೆ ಪ್ಲಾಟ್‌ಫಾರ್ಮರ್ ಎಂದು ಹೆಸರು. ಪರದೆಯ ಮೇಲೊಬ್ಬ ಪುಟ್ಟ ಮನುಷ್ಯ, ಅಲ್ಲಲ್ಲಿ ಅಟ್ಟಣಿಗೆಗಳು, ನಡುವೆ ಹಳ್ಳ. ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು, ಬೀಳಬಾರದು. ಅಂಗಳದಲ್ಲಿ ಗೆರೆ ಎಳೆದು ಒಂಟಿಕಾಲಿನಲ್ಲಿ ಕುಂಟಾಬಿಲ್ಲೆ ಆಡಿದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಗೆರೆ ತುಳಿದರೆ ಔಟು.

ಈ ಜಾತಿಯ ಮೂಲಪುರುಷ 1981ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಡಾಂಕಿ ಕಾಂಗ್’. ರೂಪಿಸಿದವರು ಶಿಗೆರು ಮಿಯಾಮೊಟೊ. ಮೇಲೆ ಕುಳಿತ ಗೊರಿಲ್ಲಾ ಒಂದು ಹುಡುಗಿಯನ್ನು ಹಿಡಿದಿಟ್ಟುಕೊಂಡು ಪೀಪಾಯಿಗಳನ್ನು ಉರುಳಿಸುತ್ತದೆ. ಕೆಳಗಿರುವ ಬಡಗಿ ಅವನ್ನು ಹಾರಿ ದಾಟುತ್ತ, ಏಣಿ ಹತ್ತುತ್ತ ತುದಿ ಮುಟ್ಟಬೇಕು. ಇದನ್ನೂ ಕೆಳಗಿನಿಂದ ಮೇಲಕ್ಕೇ ಓದಬೇಕು. ಆಗ ಆ ಬಡಗಿಗೆ ‘ಜಂಪ್‌ಮ್ಯಾನ್’ ಎಂದಷ್ಟೇ ಹೆಸರು. ಮುಂದೆ ಅವನೇ ಮಾರಿಯೋ ಆದ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟ 40 ಕಿಲೋಬೈಟ್‌ನಲ್ಲಿ ಅಡಗಿತ್ತು. ಇವತ್ತು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದರ ಎಷ್ಟೋ ಪಟ್ಟು ದೊಡ್ಡದು.

ಆ ಕಾಲದ ಆಟಗಳಲ್ಲಿ ಆಟಗಾರನಿಗೆ ಸಾಮಾನ್ಯವಾಗಿ ಮೂರು ಜೀವ. ಯಾಕೆ ಮೂರು? ಇದರಲ್ಲಿ ತತ್ತ್ವವೇನೂ ಇಲ್ಲ, ವ್ಯಾಪಾರವಿದೆ. ಆಟದ ಯಂತ್ರಗಳು ಅಂಗಡಿಗಳಲ್ಲಿದ್ದವು, ನಾಣ್ಯ ಹಾಕಿದರೆ ಮಾತ್ರ ಆಡಲು ಬಿಡುತ್ತಿದ್ದವು. ಆಟಗಾರ ಬೇಗ ಸತ್ತಷ್ಟೂ ಗಲ್ಲಾ ತುಂಬುತ್ತಿತ್ತು. ತೀರ ಬೇಗ ಸತ್ತರೆ ಆತ ಮತ್ತೆ ಬಾರದೆ ಹೋದಾನು. ಆ ಎರಡರ ನಡುವಿನ ರಾಜಿಯೇ ಮೂರು ಜೀವ. ಆಮೇಲೆ ಆಟ ಮನೆಗೆ ಬಂದು ನಾಣ್ಯ ಹಾಕುವ ಸಂದು ಮಾಯವಾದರೂ ಮೂರು ಜೀವದ ಲೆಕ್ಕ ಮಾತ್ರ ಬಹುಕಾಲ ಉಳಿಯಿತು. ಅತ್ತೆ ಸತ್ತ ಮೇಲೂ ಸೊಸೆ ಬೀಗದಕೈಯನ್ನು ಸೊಂಟದಲ್ಲೇ ಸಿಕ್ಕಿಸಿಕೊಳ್ಳುವಂತೆ.

ನನ್ನ ಪ್ರವೇಶವಾದದ್ದು 1990ರ ದಶಕದ ಕೊನೆಯಲ್ಲಿ, ಊರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಪಾಠ ಮುಗಿದ ಮೇಲೆ ಹತ್ತು ನಿಮಿಷ ‘ಡೇಂಜರಸ್ ಡೇವ್’ ಆಡಲು ಬಿಡುತ್ತಿದ್ದರು. ಜಾನ್ ರೊಮೆರೊ ಬರೆದ ಈ ಆಟದಲ್ಲಿ ಹತ್ತು ಹಂತಗಳು. ಪ್ರತಿ ಹಂತದಲ್ಲೂ ಒಂದು ಬಟ್ಟಲನ್ನು ಎತ್ತಿಕೊಂಡ ಮೇಲಷ್ಟೇ ಬಾಗಿಲು ತೆರೆಯುತ್ತದೆ. ಇನ್ನೊಂದು ಯಂತ್ರದಲ್ಲಿ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ ಇತ್ತು. ಜಾರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಜಿಗಿಯುವುದನ್ನೂ ಚಿತ್ರೀಕರಿಸಿ, ಆ ಚಿತ್ರಗಳನ್ನು ಒಂದೊಂದಾಗಿ ಅನುಸರಿಸಿ ರಾಜಕುಮಾರನ ಚಲನೆಯನ್ನು ಬರೆದಿದ್ದ. ಅದಕ್ಕೇ ಅವನ ಜಿಗಿತಕ್ಕೆ ಮೈಭಾರವಿತ್ತು. ನಾವು ಸಾಯುತ್ತಿದ್ದುದು ಮುಳ್ಳಿಗೆ ಬಿದ್ದು ಅಷ್ಟಾಗಿ ಅಲ್ಲ, ಕರೆಂಟು ಹೋಗಿ.

ಇಲ್ಲಿ ಒಂದು ವಿಷಯವನ್ನು ಎತ್ತಿ ಹೇಳಬೇಕು. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅದರ ಮದನಿಕೆಯರ ಕೆಳಗೆ ಕೆತ್ತಿದ ಶಿಲ್ಪಿಗಳ ಹೆಸರುಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಮುಖ್ಯರು. ದಾಸೋಜ ಬಳ್ಳಿಗಾವೆಯವನು. ಅರಸನ ಕೆಲಸವಾದರೂ ಅದರ ಮೇಲೆ ನಮ್ಮ ಕಡೆಯ ಕಸುಬುದಾರ ತನ್ನ ಹೆಸರನ್ನೂ ಊರನ್ನೂ ಹೇಳಿಕೊಂಡ, ಯಾರೂ ಅಳಿಸಲಿಲ್ಲ. ಇದಾಗಿ ಎಂಟುನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅಮೆರಿಕದ ಅಟಾರಿ ಕಂಪನಿ ತನ್ನ ಆಟ ಬರೆದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ವಾರನ್ ರಾಬಿನೆಟ್ ಎಂಬಾತ ‘ಅಡ್ವೆಂಚರ್’ ಎಂಬ ಆಟದಲ್ಲಿ ಯಾರಿಗೂ ತಿಳಿಯದ ಹಾಗೆ ಒಂದು ಗುಪ್ತ ಕೋಣೆ ಕಟ್ಟಿ ಅಲ್ಲಿ ತನ್ನ ಹೆಸರು ಬರೆದಿಟ್ಟ. ಅದು ಪತ್ತೆಯಾಗುವಷ್ಟರಲ್ಲಿ ಆತ ಕೆಲಸ ಬಿಟ್ಟಾಗಿತ್ತು. ಇದೇ ಅಸಮಾಧಾನದಿಂದ ಹೊರಬಂದ ಕೆಲವರು 1979ರಲ್ಲಿ ಆಕ್ಟಿವಿಷನ್ ಕಟ್ಟಿದರು. ಅವರಲ್ಲಿ ಡೇವಿಡ್ ಕ್ರೇನ್ 1982ರಲ್ಲಿ ಮಾಡಿದ ‘ಪಿಟ್‌ಫಾಲ್’ ಕಾಡಿನ ಹಳ್ಳಗಳನ್ನು ಜಿಗಿದು ದಾಟುವ ಆಟ. ಅದು ಕ್ರೇನ್ ಹೆಸರಿನೊಂದಿಗೇ ಬಂತು.

ಈಗ ‘ಇಂಡೀ’ ಎಂದು ಕರೆಯುವ ಸ್ವತಂತ್ರ ಆಟಗಳ ಬೇರು ನನ್ನ ಮಟ್ಟಿಗೆ ಈ ಹೆಸರಿನ ಜಗಳದಲ್ಲಿದೆ. ಮೊದಲು ಆಟವನ್ನು ಪೆಟ್ಟಿಗೆಯಲ್ಲಿಟ್ಟು ಅಂಗಡಿಗೆ ಮುಟ್ಟಿಸಲು ದೊಡ್ಡ ಬಂಡವಾಳ ಬೇಕಿತ್ತು. ಅಂತರಜಾಲದ ಮೂಲಕ ಆಟ ನೇರವಾಗಿ ಮನೆಗೆ ಇಳಿಯತೊಡಗಿದ ಮೇಲೆ ಒಬ್ಬರೋ ಇಬ್ಬರೋ ಕುಳಿತು ಮಾಡಿದ್ದೂ ಲೋಕಕ್ಕೆ ಮುಟ್ಟಿತು. ಜಪಾನಿನ ಡೈಸುಕೆ ಅಮಾಯ ಬಿಡುವಿನ ವೇಳೆಯಲ್ಲಿ ಐದು ವರ್ಷ ಒಬ್ಬನೇ ಕುಳಿತು ಕಥೆ, ಚಿತ್ರ, ಸಂಗೀತ ಎಲ್ಲವನ್ನೂ ಮಾಡಿ 2004ರಲ್ಲಿ ‘ಕೇವ್ ಸ್ಟೋರಿ’ಯನ್ನು ಪುಕ್ಕಟೆ ಹಂಚಿದ. ಇಂದಿಗೂ ನಾನು ಅದನ್ನು ಮೊದಲ ಸಾಲಿನಲ್ಲಿಡುತ್ತೇನೆ. ಅದರ ಜಿಗಿತದಲ್ಲಿ ಅವಸರವಿಲ್ಲ.

2008ರ ‘ಬ್ರೇಡ್’ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಉದಾರವಲ್ಲ. ಜೊನಾಥನ್ ಬ್ಲೋ ಜಾಣ. ಕಾಲವನ್ನೇ ಹಿಂದಕ್ಕೆ ತಿರುಗಿಸಿ ಬಿದ್ದವನನ್ನು ಎಬ್ಬಿಸುವ ಉಪಾಯ ಅಪೂರ್ವವಾದದ್ದು. ಆದರೆ ನಡುನಡುವೆ ಓದಿಸುವ ಗದ್ಯಖಂಡಗಳಿಂದ ಆಟಕ್ಕೆ ಪಂಡಿತನ ಅಂಗಿ ತೊಡಿಸಿದಂತಾಗಿದೆ. ಹಾರಲು ಬಂದವನನ್ನು ಹಿಡಿದು ಉಪನ್ಯಾಸಕ್ಕೆ ಕೂರಿಸಬಾರದು. 2010ರ ‘ಲಿಂಬೊ’ ಇದಕ್ಕೆ ವಿರುದ್ಧ: ಒಂದು ಮಾತಿಲ್ಲ, ಬರೀ ಕಪ್ಪುಬಿಳುಪು. ಅದರಲ್ಲಿ ಚಿಕ್ಕ ಹುಡುಗ ಸಾಯುವ ರೀತಿಗಳನ್ನು ನೋಡಲು ನನಗೆ ಮನಸ್ಸು ಬರುವುದಿಲ್ಲ. ಎರಡನೆಯ ಸಲ ಆಡಿಲ್ಲ.

ಅದೇ ವರ್ಷದ ‘ಸೂಪರ್ ಮೀಟ್ ಬಾಯ್’ ಮಾಡಿದವರು ಎಡ್ಮಂಡ್ ಮೆಕ್‌ಮಿಲನ್ ಮತ್ತು ಟಾಮಿ ರೆಫೆನೆಸ್. ಇಲ್ಲಿ ಜೀವಗಳನ್ನು ಎಣಿಸುವ ಗೋಜಿಲ್ಲ. ಸತ್ತ ಮರುಕ್ಷಣವೇ ಮತ್ತೆ ಓಟ. ನೂರು ಸಲ ಸತ್ತು ಒಂದು ಹಂತ ದಾಟಿದಿರೆನ್ನಿ, ಆಗ ನಿಮ್ಮ ನೂರು ಸೋಲೂ ಒಂದು ಗೆಲುವೂ ಪರದೆಯ ಮೇಲೆ ಒಟ್ಟಿಗೇ ಓಡಿ ತೋರುತ್ತವೆ. ಒಂದು ಹಿಂಡು ಹೊರಟು, ಒಬ್ಬೊಬ್ಬನೇ ಉದುರಿ, ಕೊನೆಗೊಬ್ಬ ಮುಟ್ಟುತ್ತಾನೆ. ಇದನ್ನು ಮೊದಲು ಕಂಡ ದಿನ ನನಗೆ ಬಳ್ಳಿಗಾವೆಯ ಕಲ್ಲು ನೆನಪಾಯಿತು. ಬೇರೆ ಬೇರೆ ಗಳಿಗೆಗಳನ್ನು ಒಂದೇ ಚೌಕಟ್ಟಿನಲ್ಲಿ ಒಟ್ಟಿಗೆ ನಿಲ್ಲಿಸುವ ಉಪಾಯ ನಮ್ಮ ಶಿಲ್ಪಿಗಳಿಗೂ ಗೊತ್ತಿತ್ತು.

2018ರ ‘ಸೆಲೆಸ್ಟ್’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರಿ 2015ರಲ್ಲಿ ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಆಟವೇ ಇದರ ಮೊಳಕೆ. ಮನಸ್ಸಿನ ಆತಂಕದಿಂದ ಬಳಲುವ ಹುಡುಗಿಯೊಬ್ಬಳು ಬೆಟ್ಟ ಹತ್ತುವ ಕಥೆ. ಅಂಚಿನಿಂದ ಕಾಲು ಜಾರಿದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಆಟ ಬಿಡುತ್ತದೆ. ನಮಗದು ಗೊತ್ತಾಗುವುದೇ ಇಲ್ಲ, ನಾವೇ ಚುರುಕು ಎಂದುಕೊಳ್ಳುತ್ತೇವೆ. ಬೇಕಾದವರು ಆಟದ ವೇಗವನ್ನೇ ಇಳಿಸಿಕೊಳ್ಳಬಹುದು. ಇಂಥ ಸವಲತ್ತಿನಿಂದ ಆಟದ ಬಿಗಿ ಹೋಯಿತೆಂದು ಗೊಣಗುವ ಆಟಗಾರರುಂಟು. ನಾಣ್ಯ ನುಂಗುವ ಯಂತ್ರದ ಕಾಠಿಣ್ಯವನ್ನು ಕಲೆಯೆಂದು ನಂಬಿದವರ ಗೊಣಗಾಟವದು. ಬೆರಳು ಬಾಗದವರೂ ವಯಸ್ಸಾದವರೂ ಆ ಬೆಟ್ಟವನ್ನು ಹತ್ತಿದರೆ ನನ್ನ ಗೆಲುವೇನೂ ಸವೆಯುವುದಿಲ್ಲ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಅದರ ಬಹುಪಾಲು ದುಡಿಮೆ ಹೊರದೇಶದ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುವುದಾಗಿತ್ತು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ದಾಸೋಜ ಬೇಲೂರಿಗೆ ಹೋದದ್ದೂ ಪರರಾಜ್ಯದ ಕೆಲಸಕ್ಕೇ, ನಿಜ. ಆದರೆ ಮದನಿಕೆಯ ಕೆಳಗೆ ಅವನ ಹೆಸರು ಕಾಣುತ್ತದೆ.

ವೀರಗಲ್ಲಿನ ವೀರನಿಗೆ ಮಾತ್ರ ಇದ್ದದ್ದು ಒಂದೇ ಜೀವ. ಅದಕ್ಕೆ ಪ್ರತಿಯಾಗಿ ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಸಿಗುತ್ತಿತ್ತು. ಅಂಥ ಶಾಸನಗಳನ್ನು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನೋಡಬಹುದು. ಶಿಕಾರಿಪುರದವು ಏಳನೆಯ ಸಂಪುಟದಲ್ಲಿ, ಸೊರಬದವು ಎಂಟನೆಯದರಲ್ಲಿ. ಕಳೆದ ಬೇಸಿಗೆಯಲ್ಲಿ ಸೊರಬದ ಕಡೆಯ ಒಂದು ಹಳ್ಳಿಯ ಗದ್ದೆಯ ಬದುವಿನಲ್ಲಿ ನಾನು ಕಂಡ ಕಲ್ಲು ಅರ್ಧದವರೆಗೆ ಮಣ್ಣಿನಲ್ಲಿ ಹೂತುಹೋಗಿತ್ತು. ಶಿವನೆದುರು ಕುಳಿತ ವೀರ ಸ್ಪಷ್ಟವಾಗಿ ಕಾಣುತ್ತಿದ್ದ. ಅಪ್ಸರೆಯರ ತಲೆಗಳೂ ಕಾಣುತ್ತಿದ್ದವು. ಅವನು ಯಾರೊಡನೆ, ಯಾತಕ್ಕಾಗಿ ಹೋರಾಡಿ ಸತ್ತನೆಂಬ ಕೆಳಗಿನ ಅಂತಸ್ತು ನೆಲದೊಳಗಿತ್ತು.