ಆತ್ಮದ ಮೇಲೆ ಅರಸನಿಗೇನು ಹಕ್ಕು?

ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿ 1612ರಲ್ಲಿ ಅಚ್ಚಾದ ಒಂದು ಪುಸ್ತಕವಿದೆ. ಅದರ ಖಾಲಿ ಹಾಳೆಯೊಂದರಲ್ಲಿ ಲೇಖಕ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್‌ನನ್ನು ಉದ್ದೇಶಿಸಿ ಕೈಬರಹದಲ್ಲಿ ಕೆಲವು ಸಾಲು ಬರೆದಿದ್ದಾನೆ. ದೊರೆಯೂ ಸಾಯುವ ಮನುಷ್ಯನೇ, ದೇವರಲ್ಲ. ಆದ್ದರಿಂದ ಪ್ರಜೆಗಳ ಸಾವಿಲ್ಲದ ಆತ್ಮಗಳ ಮೇಲೆ ಅವನಿಗೆ ಅಧಿಕಾರವಿಲ್ಲ, ಅವುಗಳಿಗೆ ಕಾನೂನು ಮಾಡಲೂ ಬರುವುದಿಲ್ಲ ಎಂಬುದು ಅದರ ತಾತ್ಪರ್ಯ. ಕೆಳಗೆ ತನ್ನ ಹೆಸರನ್ನೂ ವಿಳಾಸವನ್ನೂ ಬರೆದಿದ್ದಾನೆ: ಥಾಮಸ್ ಹೆಲ್ವಿಸ್, ಲಂಡನ್ ಬಳಿಯ ಸ್ಪಿಟಲ್‌ಫೀಲ್ಡ್. ಬಂಧಿಸಲು ಬರುವವರಿಗೆ ಹುಡುಕುವ ಶ್ರಮವನ್ನೂ ಆತ ಉಳಿಸಿದಂತಿದೆ.

ಉರ್ದು ಶಾಲೆಯಲ್ಲಿ ಓದಿದ ನನಗೆ ಈ ಜೇಮ್ಸ್ ದೊರೆ ಗೊತ್ತಿದ್ದುದು, 1615ರಲ್ಲಿ ಜಹಾಂಗೀರ್ ಬಾದಶಹನ ಬಳಿಗೆ ಥಾಮಸ್ ರೋ ಎಂಬ ರಾಯಭಾರಿಯನ್ನು ಕಳಿಸಿದವನೆಂದು ಮಾತ್ರ. ಅರಸರನ್ನು ದೇವರೆಂದು ಕರೆದರೂ ಸಲ್ಲುತ್ತದೆ ಎಂಬರ್ಥದ ಮಾತನ್ನು ಆತ 1610ರಲ್ಲಿ ಸಂಸತ್ತಿನೆದುರೇ ಆಡಿದ್ದ. ಅಂಥವನಿಗೆ 'ನೀನು ದೇವರಲ್ಲ' ಎಂದು ಬರೆದುಕೊಟ್ಟ ಈ ಹೆಲ್ವಿಸ್ ಯಾರು?

ಆತ ಪಾದ್ರಿಯಲ್ಲ. 1575ರ ಆಸುಪಾಸಿನಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಭೂಮಾಲೀಕ ಮನೆತನದಲ್ಲಿ ಹುಟ್ಟಿದವನು. ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಕಾನೂನು ಓದಿದ. 1595ರಲ್ಲಿ ಜೋನ್ ಆಶ್‌ಮೋರ್ ಎಂಬಾಕೆಯನ್ನು ಮದುವೆಯಾಗಿ ಮಕ್ಕಳೊಂದಿಗನಾಗಿ ಬಾಳುತ್ತಿದ್ದ. ಆದರೆ ಜಾನ್ ಸ್ಮಿತ್ ಎಂಬ ಬೋಧಕನ ಗೆಳೆತನ ಅವನ ಬದುಕಿನ ದಿಕ್ಕನ್ನೇ ಬದಲಿಸಿತು. ಇಂಗ್ಲೆಂಡಿನಲ್ಲಿ ಆಗ ದೊರೆಯೇ ಚರ್ಚಿನ ಮುಖ್ಯಸ್ಥ. ಪ್ರಜೆಯಾದವನು ಆ ಚರ್ಚಿಗೇ ಹೋಗಬೇಕು, ಬೇರೆಡೆ ಸೇರಿ ಪ್ರಾರ್ಥಿಸಿದರೆ ಅಪರಾಧ. ಸ್ಮಿತ್ ಮತ್ತು ಸಂಗಡಿಗರು ಅದರಿಂದ ಹೊರಬಂದು ತಮ್ಮದೇ ಸಭೆ ಕಟ್ಟಿಕೊಂಡರು. ಕಿರುಕುಳ ಹೆಚ್ಚಿದಾಗ, 1608ರ ಹೊತ್ತಿಗೆ, ಸಮುದ್ರ ದಾಟಿ ಆಮ್‌ಸ್ಟರ್‌ಡ್ಯಾಮ್ ಸೇರಿದರು. ಹೊರಡುವ ಖರ್ಚಿನ ಬಹುಭಾಗ ಹೊತ್ತವನು ಹೆಲ್ವಿಸ್. ಜೋನ್ ಮಾತ್ರ ಸಿಕ್ಕಿಬಿದ್ದು ಯಾರ್ಕ್ ಕೋಟೆಯ ಸೆರೆಮನೆ ಸೇರಬೇಕಾಯಿತು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವರಿಗೆ ನೆಲೆ ಸಿಕ್ಕಿದ್ದು ಹಡಗಿನವರಿಗೆ ಬಿಸ್ಕತ್ತು ಸುಡುತ್ತಿದ್ದ ಒಂದು ಹಳೆಯ ಕಟ್ಟಡದಲ್ಲಿ. ಅಲ್ಲಿ ಹುಟ್ಟಿಕೊಂಡ ಪ್ರಶ್ನೆ ಹೊರಗಿನವರಿಗೆ ಕ್ಷುಲ್ಲಕವಾಗಿ ಕಾಣಬಹುದು: ಹಸುಗೂಸಿಗೆ ದೀಕ್ಷಾಸ್ನಾನ ಕೊಡಬಹುದೇ? ವಿಶ್ವಾಸ ಎಂದರೆ ಏನೆಂದೇ ತಿಳಿಯದ ಮಗುವಿನ ತಲೆಗೆ ನೀರು ಹಾಕಿ ಅದನ್ನು ಕ್ರೈಸ್ತ ಎನ್ನುವುದು ಹೇಗೆ? ಅರಿತು, ಒಪ್ಪಿ, ತಾನಾಗಿ ಬಂದವನಿಗಷ್ಟೇ ದೀಕ್ಷೆ ಎಂದು ಸ್ಮಿತ್ ತೀರ್ಮಾನಿಸಿದ. 1609ರ ಸುಮಾರಿಗೆ ತನ್ನ ತಲೆಯ ಮೇಲೆ ತಾನೇ ನೀರು ಸುರಿದುಕೊಂಡು, ಬಳಿಕ ಹೆಲ್ವಿಸ್‌ಗೂ ಉಳಿದವರಿಗೂ ಸುರಿದ. ಬ್ಯಾಪ್ಟಿಸ್ಟ್ ಪಂಥದ ಆರಂಭ ಇದು.

ನೀರಿನ ಈ ಸಣ್ಣ ಪ್ರಶ್ನೆಯ ಒಳಗೆ ದೊಡ್ಡದೊಂದು ಅಡಗಿತ್ತು. ಆ ಕಾಲದ ಯೂರೋಪಿನಲ್ಲಿ ಮಗು ಹುಟ್ಟಿದೊಡನೆ ಚರ್ಚಿನ ದಾಖಲೆಗೆ ಸೇರುತ್ತಿತ್ತು. ಅರಸನ ಪ್ರಜೆಯೂ ಅರಸನ ಚರ್ಚಿನ ಸದಸ್ಯನೂ ಒಬ್ಬನೇ. ಹುಟ್ಟಿನಿಂದ ಯಾರೂ ಕ್ರೈಸ್ತರಲ್ಲ ಎಂದ ಕೂಡಲೇ ಈ ಏರ್ಪಾಟು ಬುಡಸಮೇತ ಅಲುಗುತ್ತದೆ. ಧರ್ಮ ಒಪ್ಪಿ ಬರುವಂಥದ್ದಾದರೆ ಒತ್ತಾಯಿಸಲು ಅರಸನಿಗೆ ಏನು ಉಳಿಯಿತು? ಕಾನೂನು ಓದಿದ್ದ ಹೆಲ್ವಿಸ್ ಈ ಎಳೆಯನ್ನು ಕೊನೆಯವರೆಗೂ ಎಳೆದ.

ಅದೇ 1609ರಲ್ಲಿ ಸ್ಪೇನ್ ತನ್ನ ಮೊರಿಸ್ಕೋಗಳನ್ನು ಹೊರದಬ್ಬಲು ಆರಂಭಿಸಿತು. ಇವರು ಹದಿನಾರನೇ ಶತಮಾನದಲ್ಲಿ ಬಲವಂತದ ದೀಕ್ಷಾಸ್ನಾನಕ್ಕೆ ಒಳಗಾದ ಮುಸ್ಲಿಮರ ಸಂತತಿ. ನೀರು ಹಾಕಿಸಿದ್ದೂ ಅರಸೊತ್ತಿಗೆಯೇ, ಹಾಕಿದ ನೀರನ್ನು ನಂಬದೆ ಓಡಿಸಿದ್ದೂ ಅದೇ. 1614ರ ಹೊತ್ತಿಗೆ ಸುಮಾರು 3 ಲಕ್ಷ ಜನ ನೆಲೆ ಕಳೆದುಕೊಂಡರು. ಆಮ್‌ಸ್ಟರ್‌ಡ್ಯಾಮ್‌ನ ಆ ಪುಟ್ಟ ಗುಂಪಿಗೂ ಇವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಈ ಎರಡು ಸ್ನಾನಗಳನ್ನು ಅಕ್ಕಪಕ್ಕ ಇಟ್ಟು ನೋಡದಿರುವುದು ನನ್ನಿಂದಾಗದು.

ಬೇಗನೆ ಗೆಳೆಯರಿಬ್ಬರೂ ಬೇರೆಯಾದರು. ತನಗೆ ತಾನೇ ದೀಕ್ಷೆ ಕೊಟ್ಟುಕೊಂಡದ್ದು ಸರಿಯೇ ಎಂಬ ಅನುಮಾನ ಬಂದು ಸ್ಮಿತ್ ಡಚ್ ಮೆನ್ನೊನೈಟರ ಸಭೆ ಸೇರಲು ಬಯಸಿದ. ಹೆಲ್ವಿಸ್ ಒಪ್ಪದೆ ಹತ್ತು ಹನ್ನೆರಡು ಜನರೊಂದಿಗೆ ಉಳಿದುಕೊಂಡ. 1611ರಲ್ಲಿ ಈ ಚಿಕ್ಕ ಗುಂಪಿನ ವಿಶ್ವಾಸವನ್ನು 27 ಕಲಮುಗಳಲ್ಲಿ ಬರೆದ. ಒಂದು ಸಭೆಗೆ ಇನ್ನೊಂದರ ಮೇಲೆ ಯಜಮಾನಿಕೆಯಿಲ್ಲ. ಸರ್ಕಾರಿ ಅಧಿಕಾರ ಹಿಡಿದವನೂ ಸಭೆಯ ಸದಸ್ಯನಾಗಬಹುದು. ಈ ಎರಡನೆಯದನ್ನು ಮೆನ್ನೊನೈಟರು ಒಪ್ಪುತ್ತಿರಲಿಲ್ಲ. ಅದೇ ವರ್ಷದ ಇನ್ನೊಂದು ಕಿರುಹೊತ್ತಿಗೆಯಲ್ಲಿ, ಮನುಷ್ಯನ ಪಾಪಕ್ಕೂ ನರಕಕ್ಕೂ ದೇವರ ಪೂರ್ವನಿರ್ಣಯ ಕಾರಣವಲ್ಲ ಎಂದು ವಾದಿಸಿದ. ಕೆಲವರನ್ನಷ್ಟೇ ದೇವರು ಮೊದಲೇ ಆರಿಸಿಟ್ಟಿದ್ದಾನೆಂಬ ಕ್ಯಾಲ್ವಿನ್ ಪಂಥದ ನಂಬಿಕೆಗೆ ಇದು ಎದುರೇಟು. ನಮ್ಮಲ್ಲಿ ತಖ್ದೀರಿನ ಬಗ್ಗೆ ನಡೆದ ಜಿಜ್ಞಾಸೆಯನ್ನು ಬಲ್ಲವರಿಗೆ ಈ ಜಗಳದ ಬಿಸಿ ಅಪರಿಚಿತವಲ್ಲ.

ಆಮೇಲೆ ಆತ ಮಾಡಿದ್ದು ವಿಚಿತ್ರ ಕೆಲಸ. ಸುರಕ್ಷಿತವಾಗಿದ್ದ ಹಾಲೆಂಡನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದ. ಕಿರುಕುಳಕ್ಕೆ ಹೆದರಿ ಓಡಿಬಂದದ್ದೇ ತಪ್ಪು, ಎಲ್ಲರೂ ಓಡಿದರೆ ಅಲ್ಲಿಯ ಜನಕ್ಕೆ ಸತ್ಯ ಹೇಳುವವರು ಯಾರು ಎಂಬುದು ಅವನ ವಾದ. ಲಂಡನ್ ಗೋಡೆಯಾಚೆಯ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೆಲೆಸಿದ ಅವನ ಸಭೆಯೇ ಇಂಗ್ಲೆಂಡ್ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆ.

ಬಂದದ್ದಾದರೂ ಎಂಥ ಹೊತ್ತಿನಲ್ಲಿ! 1612ರ ಮಾರ್ಚಿಯಲ್ಲಿ ಬಾರ್ತಲೋಮ್ಯೂ ಲೆಗೇಟ್ ಎಂಬವನನ್ನು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ, ಏಪ್ರಿಲ್‌ನಲ್ಲಿ ಎಡ್ವರ್ಡ್ ವೈಟ್‌ಮನ್‌ನನ್ನು ಲಿಚ್‌ಫೀಲ್ಡ್‌ನಲ್ಲಿ ಜೀವಂತ ಸುಟ್ಟರು. ಇಬ್ಬರ ಮೇಲಿನ ಮುಖ್ಯ ಆರೋಪ, ಏಸು ದೇವರೆಂಬುದನ್ನೂ ತ್ರಿಯೇಕತ್ವವನ್ನೂ ನಿರಾಕರಿಸಿದ್ದು. ಧರ್ಮದ್ರೋಹಕ್ಕಾಗಿ ಇಂಗ್ಲೆಂಡಿನಲ್ಲಿ ಜನರನ್ನು ಸುಟ್ಟದ್ದು ಅದೇ ಕೊನೆ. ಆದರೆ ಅದು ಕೊನೆಯೆಂದು ಆಗ ಯಾರಿಗೆ ಗೊತ್ತಿತ್ತು?

ಹೆಲ್ವಿಸ್‌ನ ಪುಸ್ತಕದ ಹೆಸರನ್ನು ಕನ್ನಡದಲ್ಲಿ 'ಅಧರ್ಮದ ಗುಟ್ಟಿನ ಕಿರು ನಿರೂಪಣೆ' ಎನ್ನಬಹುದು. ಓದಲು ಹಿತವಾದ ಪುಸ್ತಕವಲ್ಲ. ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಬರುವ ಮೊದಲ ಮೃಗ ರೋಮಿನ ಚರ್ಚು, ಎರಡನೆಯದು ಇಂಗ್ಲೆಂಡಿನ ಚರ್ಚು ಎನ್ನುತ್ತಾನೆ. ಪ್ಯೂರಿಟನ್ನರನ್ನೂ ಬಿಡುವುದಿಲ್ಲ, ತಾನು ಬಿಟ್ಟುಬಂದ ಗುಂಪುಗಳನ್ನೂ ಬಿಡುವುದಿಲ್ಲ. ಇಂಥವನು ಅದೇ ಪುಸ್ತಕದಲ್ಲಿ ಆ ಮೊದಲ ಮೃಗದ ಅನುಯಾಯಿಗಳಾದ ಕ್ಯಾಥೊಲಿಕರ ಪರವಾಗಿ ದೊರೆಯ ಮುಂದೆ ವಕಾಲತ್ತು ವಹಿಸುತ್ತಾನೆ. ದೇಶದ ಕಾನೂನಿಗೆ ನಿಷ್ಠರಾಗಿದ್ದರೆ ಸಾಕು, ಅವರ ಧರ್ಮವನ್ನು ಕೇಳಬಾರದು. ಮನುಷ್ಯನ ಧರ್ಮ ಅವನಿಗೂ ದೇವರಿಗೂ ಸೇರಿದ್ದು, ನಡುವೆ ದೊರೆ ನ್ಯಾಯಾಧೀಶನಾಗಲಾರ. ಅಷ್ಟಕ್ಕೇ ನಿಲ್ಲದೆ ಪಟ್ಟಿ ಬೆಳೆಸುತ್ತಾನೆ: ಧರ್ಮದ್ರೋಹಿಗಳಿರಲಿ, ತುರ್ಕರಿರಲಿ, ಯಹೂದಿಗಳಿರಲಿ, ಲೌಕಿಕ ಅಧಿಕಾರ ಅವರನ್ನು ಎಳ್ಳಷ್ಟೂ ದಂಡಿಸಕೂಡದು.

ಇಲ್ಲಿ 'ತುರ್ಕ' ಎಂದರೆ ಮುಸ್ಲಿಮ. ನಮ್ಮ ಹಳ್ಳಿಗಳ ಹಿರಿಯರ ಬಾಯಲ್ಲಿ ಅರಬನೂ ಅಲ್ಲದ, ತುರ್ಕಿಯ ಮುಖವನ್ನೂ ಕಾಣದ ಪಿಂಜಾರನೂ 'ತುರುಕ'ನಾದ ಹಾಗೆ, ಆಗಿನ ಇಂಗ್ಲಿಷಿನಲ್ಲಿಯೂ ಮುಸ್ಲಿಮನಿಗೆ ಅದೇ ಹೆಸರು. ಯಹೂದಿಗಳನ್ನು ಇಂಗ್ಲೆಂಡ್ 1290ರಲ್ಲೇ ಹೊರಹಾಕಿತ್ತು. ಮುಸ್ಲಿಮರೆಂದರೆ 1600ರಲ್ಲಿ ಮೊರಾಕ್ಕೊದಿಂದ ಬಂದು ತಿಂಗಳುಗಟ್ಟಲೆ ಲಂಡನ್ನಿನಲ್ಲಿದ್ದ ರಾಯಭಾರಿಯ ಪರಿವಾರದಂಥ ಬೆರಳೆಣಿಕೆಯವರು. ಅಂದರೆ ತನ್ನ ನೆರೆಯಲ್ಲಿ ಇಲ್ಲದವರಿಗೂ ಆತ ಜಾಗ ಕೇಳುತ್ತಿದ್ದ. ಪ್ರೀತಿಯಿಂದಲ್ಲ, ಅವನ ದೃಷ್ಟಿಯಲ್ಲಿ ನಾವೆಲ್ಲ ದಾರಿ ತಪ್ಪಿದವರೇ. ತನಗೆ ಬೇಕಾದ ಸ್ವಾತಂತ್ರ್ಯಕ್ಕೆ ಆಧಾರವಾಗಿ ಹಿಡಿದ ವಾದ ಅವರನ್ನು ಹೊರಗಿಟ್ಟರೆ ನಿಲ್ಲುವುದಿಲ್ಲವೆಂದು ಕಂಡುಕೊಂಡ ಪ್ರಾಮಾಣಿಕ ಆತ. ಸಹಿಷ್ಣುತೆಗೆ ಮೃದು ಮನಸ್ಸು ಬೇಕೆಂದು ನಂಬಿದ್ದ ನನಗೆ ಈ ಒರಟನನ್ನು ಓದಿದಾಗ ಗಲಿಬಿಲಿಯಾಯಿತು.

ಆತನನ್ನು ನ್ಯೂಗೇಟ್ ಸೆರೆಮನೆಗೆ ಹಾಕಿದರು. ಚಿಕ್ಕಪ್ಪನೊಬ್ಬ 1616ರಲ್ಲಿ ಬರೆಸಿದ ಮರಣಶಾಸನದಲ್ಲಿ ಜೋನ್‌ಳನ್ನು ವಿಧವೆ ಎಂದು ಹೆಸರಿಸಲಾಗಿದೆ. ಆತ ತೀರಿಕೊಂಡಿದ್ದಾನೆಂದು ಚರಿತ್ರೆಗೆ ತಿಳಿದದ್ದೇ ಹೀಗೆ. ಆಗ ಅವನಿಗೆ ನಲವತ್ತರ ಆಸುಪಾಸು.

ಸಭೆಯ ಹೊಣೆ ಜಾನ್ ಮರ್ಟನ್‌ನ ಹೆಗಲಿಗೆ ಬಂತು. ಆತನೂ ಸೆರೆ ಸೇರಿದ. 1620ರಲ್ಲಿ ಹೊರಬಂದ, ಅವನದೆಂದೇ ಎಣಿಸಲಾಗುವ ಬರಹವೊಂದರ ಕಥೆಯನ್ನು ಮುಂದೆ ರೋಜರ್ ವಿಲಿಯಮ್ಸ್ ಹೇಳಿದ್ದಾನೆ. ಸೆರೆಯಲ್ಲಿ ಕಾಗದ, ಶಾಯಿ ಕೊಡುತ್ತಿರಲಿಲ್ಲ. ಗೆಳೆಯನೊಬ್ಬ ದಿನವೂ ಕಳಿಸುತ್ತಿದ್ದ ಹಾಲಿನ ಸೀಸೆಯ ಬಾಯಿಗೆ ಕಾಗದದ ಬಿರಡೆ ಇರುತ್ತಿತ್ತು. ಕೈದಿ ಆ ಕಾಗದ ಬಿಡಿಸಿ, ಹಾಲಿನಲ್ಲೇ ಬರೆದು, ಹೊರಗೆ ಕಳಿಸುತ್ತಿದ್ದ. ಹೊರಗಿನವರು ಬೆಂಕಿಗೆ ಹಿಡಿದರೆ ಅಕ್ಷರ ಮೂಡುತ್ತಿದ್ದವು.

ಅಮೆರಿಕದಲ್ಲಿ ಕೆಲಕಾಲ ಬ್ಯಾಪ್ಟಿಸ್ಟನೇ ಆಗಿದ್ದ ವಿಲಿಯಮ್ಸ್, ಹಾಲಿನಲ್ಲಿ ಬರೆದ ಆ ವಾದವನ್ನೇ ಮುಂದಿಟ್ಟುಕೊಂಡು 1644ರಲ್ಲಿ ಲಂಡನ್ನಿನಲ್ಲಿ ತನ್ನ ಪುಸ್ತಕ ಅಚ್ಚು ಮಾಡಿಸಿದ. ತುರ್ಕರು, ಯಹೂದಿಗಳು ಅದರಲ್ಲೂ ಇದ್ದರು. ಆ ಆಗಸ್ಟ್‌ನಲ್ಲಿ ಪುಸ್ತಕವನ್ನು ಸುಡುವಂತೆ ಸಂಸತ್ತು ಆಜ್ಞೆ ಮಾಡಿತು. ಅಷ್ಟರಲ್ಲಿ ವಿಲಿಯಮ್ಸ್, ತನ್ನ ಪುಟ್ಟ ವಸಾಹತಿನ ಸನದನ್ನು ಜೊತೆಗಿಟ್ಟುಕೊಂಡು, ಹಡಗು ಹತ್ತಿದ್ದ.