ನರಗುಂದ, 1858: ಬದುಕುಳಿದವರ ಗಾಯ

1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್, ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬ ಭಾವೆಯವರ ಕಡೆಯವರಿಂದ ಹತನಾದ. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ ಮೊದಲಿಗೇ ಬ್ರಿಟಿಷ್ ಪಡೆ ಬಂತು. ಕೋಟೆ ಕಾಯುತ್ತಿದ್ದವರು ಚದುರಿಹೋದರು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಅಗಸಿಯ ರುಂಡ ಕಂಡ ಸಿಪಾಯಿಯನ್ನೂ ಕತ್ತಲಲ್ಲಿ ಗುಡ್ಡ ಇಳಿದು ಓಡಿದವನನ್ನೂ ಇಲ್ಲಿ ನಿಂತು ನೆನೆಯಬೇಕು. ನಮ್ಮ ಕಡೆ ವೀರಗಲ್ಲು ನಿಲ್ಲಿಸಿದ್ದು ಮಡಿದವರಿಗೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಬದುಕಿ ಮರಳಿದವರ ನಡುಕ, ನಿದ್ದೆಗೇಡು, ಸಪ್ಪಳಕ್ಕೆ ಬೆಚ್ಚುವುದು ವೈದ್ಯರ ಗಮನ ಸೆಳೆದದ್ದು ತಡವಾಗಿ. 1915ರಲ್ಲಿ ಅದು ‘ಶೆಲ್ ಶಾಕ್’; 1980ರಿಂದ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ‘ಪಿಟಿಎಸ್‌ಡಿ’. ಇದು ಹೇಡಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆ.

ನಿಮ್ಮ ಮನೆಯ ಯೋಧರಿಗೆ ಈ ತೊಂದರೆಯಿದ್ದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.